ಉದುರದ ತೆನೆ

ಮನುಷ್ಯ ಕಾಡುಹುಲ್ಲಿಗೆ ಕಾಳು ಬಿಗಿಹಿಡಿಯಲು ಕಲಿಸಿದ ದಿನವೇ ನಾಗರಿಕತೆ ಹುಟ್ಟಿತು. ಗಿನಿ ಹುಲ್ಲು ಆ ದಿನ ಪಾಠಕ್ಕೆ ಬಂದಿರಲಿಲ್ಲ. ದನಗಳಿಗೆ ಬಲು ಒಳ್ಳೆಯ ಮೇವು; ಆದರೆ ತೆನೆಯ ಬುಡದ ಬೀಜ ಮಾಗುವಷ್ಟರಲ್ಲಿ ತುದಿಯದು ನೆಲ ಸೇರಿರುತ್ತದೆ. ಈ ಅಶಿಸ್ತನ್ನು ತಿದ್ದುವುದರಲ್ಲೇ ಮೇವು ಸಂಶೋಧನಾ ಕೇಂದ್ರದ ನನ್ನ ಸರ್ಕಾರಿ ನೌಕರಿ ಮುಗಿಯಿತು. ನಿವೃತ್ತನಾದ ಮೇಲೆ ಬನಶಂಕರಿಯ ಮನೆಯ ತಾರಸಿಯಲ್ಲಿ, ಹಳೇ ಪೇಂಟ್ ಬಕೆಟ್‌ಗಳಲ್ಲಿ ನಲವತ್ತು ಬುಡ ನೆಟ್ಟು ಮುಂದುವರಿಸಿದೆ.

ದಿನಾ ಬೆಳಿಗ್ಗೆ ಪ್ರತಿ ತೆನೆಗೂ ಚಮಚದಿಂದ ಮೂರು ಪೆಟ್ಟು. ಬೀಜ ಉದುರಿಸಿದ ಬುಡ ಫೇಲು. ಉದುರಿದ್ದನ್ನು ಹೆಂಡತಿ ಗುಡಿಸಿ, ಗೊಣಗಿ, ಅಕ್ಕಿಚೀಲಕ್ಕೆ ತುಂಬುತ್ತಿದ್ದಳು. "ನೀರಲ್ಲಿ ಹೋದ್ರೆ ಪೈಪು ಕಟ್ಕೊಳ್ಳುತ್ತೆ ರೀ. ಪ್ಲಂಬರ್‌ಗೆ ನಿಮ್ಮ ಸಂಶೋಧನೆ ಅರ್ಥ ಆಗಲ್ಲ."

ನಮಗೆ ಹಾಲು ಹಾಕುವ ಕೋಣನಕುಂಟೆಯ ಯಜಮಾನರಿಗೆ ನಾನು ಬೀಜ ಕೊಡುವ ಮಾತು ಕೊಟ್ಟಿದ್ದೆ. ಅವರ ಹೊಲವೆಲ್ಲ ಬಾಡಿಗೆ ಮನೆಗಳಾಗಿದ್ದರೂ ಎರಡು ಹಸು ಉಳಿದಿದ್ದವು, ಒಂದು ಖಾಲಿ ಸೈಟೂ ಉಳಿದಿತ್ತು. ದಿನಾ ಸ್ಕೂಟರ್‌ನಲ್ಲಿ ಹುಲ್ಲಿನ ಹೊರೆ ತಂದು ತಂದು ಅವರ ಮಗನಿಗೆ ಸಾಕಾಗಿತ್ತು. ಈ ಮುಂಗಾರಿಗೆ ಸೈಟಿನಲ್ಲಿ ಮೇವು ಏಳದಿದ್ದರೆ ಹಸು ಮಾರುವುದೇ ಸೈ ಎಂದಿದ್ದ.

ಹದಿನೇಳನೇ ಬಕೆಟ್ ಉದುರಿಸಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಆಮೇಲೆ ಸ್ನಾನ ಮಾಡಿಕೊಂಡು ಹೋಗಿ ಬಡಿಯತೊಡಗಿದೆ. ಅಷ್ಟು ಬಡಿದರೂ ಉದುರದ ತೆನೆಗಳನ್ನು ಕೊಯ್ದು, ನೆರಳಲ್ಲಿ ಒಣಗಿಸಿ, ಬೀಜವನ್ನು ಬಟ್ಟೆಯಲ್ಲಿ ಕಟ್ಟಿಟ್ಟೆ.

ಮಳೆಗೆ ಮುಂಚೆ ಯಜಮಾನರು ಬಂದರು. ಗಂಟು ಬಿಚ್ಚಿದರು, ಒಂದು ಹಿಡಿಯನ್ನು ಅಂಗೈಯಲ್ಲಿ ತಿಕ್ಕಿ ಉಫ್ ಎಂದು ಊದಿದರು. ಅಂಗೈ ಖಾಲಿ.

"ಜೊಳ್ಳು ಸಾರ್."

"ಎಲ್ಲಾನಾ ಯಜಮಾನ್ರೇ?"

ಇನ್ನೊಂದು ಹಿಡಿ ಊದಿದರು. "ಎಲ್ಲಾನೂವೆ. ಒಳಗೆ ಕಾಳೇ ಇಲ್ಲ, ಇನ್ನೇನು ಉದುರುತ್ತೆ?"

ಬಿದ್ದದ್ದನ್ನೆಲ್ಲ ಎಣಿಸಿದ್ದೆ; ನಿಂತದ್ದನ್ನು ಒಮ್ಮೆಯೂ ಹಿಸುಕಿ ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸಬರಿಗೆ ಮೊದಲ ದಿನವೇ ನಾನು ಹೇಳುತ್ತಿದ್ದ ಎಚ್ಚರಿಕೆ ಅದು: ಉದುರದ್ದು ಜೊಳ್ಳಿರಬಹುದು, ಹಿಸುಕಿ ನೋಡಿ. ಮೂವತ್ತು ವರ್ಷದ ಆಸೆ ಕಣ್ಣೆದುರು ನಿಂತಾಗ ಹಿಸುಕಲು ಕೈ ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನನಗೂ.

ಯಜಮಾನರ ಕಣ್ಣು ಮೂಲೆಗೆ ಹೋಯಿತು. "ಆ ಚೀಲದಲ್ಲೇನು ಅಮ್ಮಾವ್ರೆ?"

"ಇವರು ಫೇಲ್ ಮಾಡಿದ್ದರ ಕಸ."

ಅದನ್ನೂ ಒಂದು ಹಿಡಿ ತಿಕ್ಕಿ ಊದಿದರು. ಧೂಳು ಹಾರಿತು, ಕಾಳು ಅಂಗೈಯಲ್ಲೇ ಉಳಿಯಿತು. ಅವರು ನನ್ನ ಮುಖ ನೋಡದೆ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದರು. ಅದು ಅವರ ಸೌಜನ್ಯ.

ಹದಿನೇಳನೇ ಬಕೆಟ್‌ಗೆ ಹೆಂಡತಿ ಕರಿಬೇವು ನೆಟ್ಟಳು. ಮುಂಗಾರಿಗೆ ಸೈಟಿನಲ್ಲಿ ಹುಲ್ಲು ಎದ್ದಿತು. ಹಸು ಮಾರಲಿಲ್ಲ.