ನಾನು ಲೆವಿ ಅಮ್ಮನಾದ ದಿನ

ಆ ಬೆಳಿಗ್ಗೆಯೂ ಕಾರ್ಖಾನೆಯ ಕೂಗು ಆದಮೇಲೆಯೇ ನಾನು ಕಾಫಿಗೆ ನೀರಿಟ್ಟದ್ದು. ಮಂಡ್ಯದಲ್ಲಿ ಆಗ ಗಡಿಯಾರವಿಲ್ಲದ ಮನೆಗಳೂ ಆ ಕೂಗಿಗೇ ಏಳುತ್ತಿದ್ದವು. ನಮ್ಮವರು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು. ರಾತ್ರಿ ಪಾಳಿ ಮುಗಿಸಿ ಬಂದರೆ ಅವರ ಕೋಟಿನಿಂದ ಕಾಕಂಬಿಯ ಹುಳಿಸಿಹಿ ವಾಸನೆ ಪಡಸಾಲೆಗೆಲ್ಲ ಹಬ್ಬುತ್ತಿತ್ತು. ಸ್ನಾನಕ್ಕೆ ನೀರು ತೋಡಿ, ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಮಕ್ಕಳನ್ನು ಹಿತ್ತಿಲಿಗೆ ಅಟ್ಟಿದರೆ ಅವರು ಮಲಗುತ್ತಿದ್ದರು.

ಆ ದಿನ ಮಾತ್ರ ಬಂದಕೂಡಲೇ ಮಲಗಲು ಹೋಗಲಿಲ್ಲ. ಮನೆಗೆ ಬಂದಿದ್ದ ನನ್ನ ಗೆಳತಿಯ ಎದುರು ಕೂತು, ಕಬ್ಬು ಅರೆಯುವ ಕಡೆ ಎಷ್ಟು ಶೆಕೆ, ಪಾಳಿ ಬದಲಾದ ವಾರ ಆಳುಗಳು ನಿಂತಲ್ಲೇ ಹೇಗೆ ತೂಕಡಿಸುತ್ತಾರೆ ಎಂದೆಲ್ಲ ಹೇಳುತ್ತಲೇ ಇದ್ದರು. ಮದುವೆಯಾಗಿ ಅಷ್ಟು ವರ್ಷವಾದರೂ ಅದರಲ್ಲಿ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಕೇಳಿದಾಗೆಲ್ಲ, "ನಿನಗ್ಯಾಕೆ ಅದೆಲ್ಲ" ಎಂದು ಮಗ್ಗುಲಾಗುತ್ತಿದ್ದರು. ಅವಳ ಲೋಟಕ್ಕೆ ಎರಡನೇ ಸಲ ಕಾಫಿ ಬಗ್ಗಿಸಿದೆ. ನಾನು ಅಲ್ಲಿ ನಿಂತಿದ್ದೇನೆಂದು ಇಬ್ಬರಿಗೂ ತಿಳಿಯಲಿಲ್ಲ.

ಮೈಸೂರಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನನ್ನ ಅಕ್ಷರ ಅವಳದಕ್ಕಿಂತ ದುಂಡಗೆ. ಸಿಸ್ಟರುಗಳು ಇಡೀ ಕ್ಲಾಸಿಗೆ ನನ್ನ ಬರವಣಿಗೆಯನ್ನೇ ಎತ್ತಿ ತೋರಿಸುತ್ತಿದ್ದರು. ಆಮೇಲೆ ನನಗೆ ಗಂಡು ನೋಡಿದರು. ಅವಳು ಬೊಂಬಾಯಿಗೆ ಓದಲು ಹೋದಳು. ಕಾರ್ಖಾನೆ ಬಂದ ಊರಲ್ಲಿ ಜನರ ಮನೆ, ಊಟ, ನಿದ್ದೆ, ನಂಟು ಏನಾಗುತ್ತದೆ ಎಂದು ತಿಳಿಯುವ ಶಾಸ್ತ್ರವಂತೆ. ಹೆಂಗಸರಿರಲಿ, ಗಂಡಸರಲ್ಲೂ ಅಂಥ ಕೆಲಸ ಹಿಡಿದವರನ್ನು ನಾವು ಕೇಳಿರಲಿಲ್ಲ. ಹಳ್ಳಿ ಬಿಟ್ಟು ಕಾರ್ಖಾನೆಗೆ ಸೇರಿದವರ ಸಾಲುಮನೆಗಳನ್ನು ನೋಡಬೇಕೆಂದು ನಮ್ಮಲ್ಲಿ ಇಳಿದುಕೊಂಡಿದ್ದಳು.

ಹಿಂದಿನ ಸಂಜೆ ಅವಳೇ ಕೇಳಿದ್ದಳು: "ಜೊತೆಗೊಬ್ಬರು ಬೇಕು ಕಣೇ, ಬರ್ತೀಯಾ? ನಿನಗೆ ಹಿಡಿಸಿದರೆ ಮುಂದೂ ನನ್ನ ಜೊತೆಗಿರು. ಮದ್ದೂರು, ಮಳವಳ್ಳಿ ಎಲ್ಲ ಸುತ್ತೋದಿದೆ." ಮುಂದೂ! ನಮ್ಮವರು ಬೇಡವೆನ್ನಲಿಲ್ಲ. ಅವಳೆದುರು ಬೇಡವೆನ್ನುವುದಾದರೂ ಹೇಗೆ?

ನಾನು ಇಸ್ತ್ರಿ ಮಾಡಿಟ್ಟ ಕ್ರೇಪ್ ಸೀರೆ ಉಟ್ಟೆ, ಮೆಟ್ಟು ಹಾಕಿಕೊಂಡೆ, ಕೊಡೆ ಹಿಡಿದೆ. ಅವಳದು ಹೆಗಲಿಗೊಂದು ಪುಸ್ತಕದ ಚೀಲ, ಸಾದಾ ನೂಲಿನ ಸೀರೆ. ಅಂಚಿನಲ್ಲಿ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಅದನ್ನು ನೋಡಿ ನನಗೆ ಚೂರು ಸಮಾಧಾನವಾಯಿತು. ಹೊಲಿಗೆಯ ಮಾತು ಅವಳಿಗೆ ಹೇಳಲಿಲ್ಲ.

ಯುದ್ಧದ ಕಾಲ. ಸರ್ಕಾರದವರು ಮನೆಮನೆಗೆ ಬಂದು, ತಿನ್ನುವ ಬಾಯಿಗಳನ್ನು ಎಣಿಸಿ, ಮಿಕ್ಕ ರಾಗಿಯನ್ನು ಲೆವಿ ಎಂಬ ಕಡ್ಡಾಯ ವಸೂಲಿಗೆಂದು ಹೊರಿಸಿಕೊಂಡು ಹೋಗುತ್ತಿದ್ದ ದಿನಗಳು. ಸಾಲುಮನೆಯ ತಿರುವಿನಲ್ಲಿ ನನ್ನ ಕೊಡೆ ಕಂಡದ್ದೇ ತಡ, ಯಾರೋ ಕೂಗಿದರು: "ಲೇ, ಲೆವಿ ಅಮ್ಮ ಬಂದವ್ಳೆ ಕಣ್ರೇ!" ಪಟಪಟನೆ ಬಾಗಿಲು ಬಿದ್ದವು. ಒಂದು ಜಗಲಿಯ ಮೇಲೆ ಮುದುಕಿಯೊಬ್ಬಳು ಒಳಗೆ ಓಡಲಾರದೆ, ಪಕ್ಕದಲ್ಲಿದ್ದ ಮೂಟೆಯ ಮೇಲೆ ಸೆರಗು ಹರಡಿ ಕೂತುಬಿಟ್ಟಳು.

"ನಮ್ಮಟ್ಟೀಲಿ ರಾಗಿ ಎಲ್ಲದವ್ವ? ಬೇಕಾರೆ ಒಲೆ ಬೂದಿ ತಕ್ಕೊಂಡೋಗು."

ನಾನು ಸಿಸ್ಟರುಗಳು ಕಲಿಸಿದ ಸ್ವಚ್ಛ ದನಿಯಲ್ಲಿ, "ಹೆದರಬೇಡಿ ಅಜ್ಜಿ, ನಾವು ಅದಕ್ಕಾಗಿ ಬಂದವರಲ್ಲ. ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಜನರಿದ್ದೀರಿ?" ಎಂದೆ.

"ನೋಡ್ರಮ್ಮೀ, ಬಾಯಿ ಎಣಿಸ್ತಾವ್ಳೆ!" ಮುದುಕಿ ಕಿರುಚಿದಳು. ಆಮೇಲೆ ನನ್ನ ಗೆಳತಿಯ ಕಡೆ ತಿರುಗಿ, "ನೀನ್ಯಾಕವ್ವ ಇವಳ ಚೀಲ ಹೊತ್ಕೊಂಡು ಸುತ್ತೀಯೆ? ಒಟ್ಟೆಪಾಡಾ?" ಎಂದಳು.

"ಹೂಂ ಕಣಜ್ಜಿ, ಹೊಟ್ಟೆಪಾಡೇ" ಎಂದು ಅವಳು ನೆಲದಲ್ಲೇ ಕೂತು, ಅಲ್ಲಿದ್ದ ಮೊರ ತೆಗೆದು ಅವರೆಕಾಳು ಹಸನು ಮಾಡತೊಡಗಿದಳು. ಕದದ ಸಂದಿಯಿಂದ ಯಾರೋ ನಕ್ಕರು. ಒಂದು ಬಾಗಿಲು ತೆರೆಯಿತು.

ಅವಳು ತಲೆಯೆತ್ತದೆ ನನಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು, ನೀನು ಮನೆಗೆ ಹೋಗಿಬಿಡು, ನೀನಿದ್ದರೆ ಇವರು ಬಾಯಿ ಬಿಡುವುದಿಲ್ಲ, ತಪ್ಪು ತಿಳಿಯಬೇಡ ಎಂದು.

ಹೊರಟೆ. ನಲ್ಲಿಯ ಕಟ್ಟೆಯ ಹತ್ತಿರ ತಿರುಗಿ ನೋಡಿದರೆ ಮುದುಕಿ ಮೂಟೆಯಿಂದ ಇಳಿದು, ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಳು. ಸುತ್ತ ಏಳೆಂಟು ಹೆಂಗಸರು. ಒಳ್ಳೆಯ ಸೀರೆಯಿಂದಲೇ ಕೆಟ್ಟೆನಲ್ಲ ಎಂದುಕೊಂಡೆ. ನಾಳೆ ಹಳೆಯದನ್ನು ಉಡುವುದು, ಕೊಡೆ ಬೇಡ, ಬರಿಗಾಲು. ದಾರಿಯುದ್ದಕ್ಕೂ ಇದೇ ಯೋಚನೆ.

ಗೆಳತಿ ಮಧ್ಯಾಹ್ನ ಮೀರಿ ಬಂದಳು, ತಲೆಗೂದಲಲ್ಲಿ ಹೊಟ್ಟು ಸಿಕ್ಕಿಸಿಕೊಂಡು. ನಾನೇ ಬಾಯಿಬಿಟ್ಟು ಕೇಳಿದೆ: "ನಾಳೆ ನಾನು ಬರಲೇನೇ?"

"ನೋಡೋಣ ಕಣೇ" ಎಂದಳು. ಅಷ್ಟರಲ್ಲಿ ನಮ್ಮವರು ಎದ್ದು ಬಂದು, "ಏನಂದ್ರು ಜನ?" ಎಂದು ಅವಳೆದುರು ಕುರ್ಚಿ ಎಳೆದರು. ಅವಳ ಮುಖ ಅರಳಿತು. ನಾನು ಒಳಗೆ ಹೋಗಿ ತಟ್ಟೆ ತೊಳೆದೆ, ಬೇಕೆಂದೇ ಸದ್ದು ಮಾಡಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿಂದಿನ ಮನೆಯ ಫಿಟ್ಟರನ ಹೆಂಡತಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಕಿರುಗಾವಲಿನ ರೈತರ ಮನೆಯ ಮಗಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

"ನಿಮ್ಮನೆ ನೆಂಟ್ರಮ್ಮ ಬಲೇ ಗಟ್ಟಿಗಿತ್ತಿ ಕಣಮ್ಮ" ಎಂದಳು. "ಸಾಲುಮನೆ ತಾವ ಸಿಕ್ಕಿದ್ಲು. ನಾಳೀಕೆ ನಂಜೊತೆ ನಮ್ಮೂರಿಗೆ ಬತ್ತಾಳೆ, ಬಸ್ಸಲ್ಲಿ. ಪೂರಿಗಾಲಿ ಗಂಟ ಎಲ್ಲಾ ತೋರ್ಸು, ಕೆಲ್ಸ ಮುಗಿಯೋಗಂಟ ನಂಜೊತೇಲೇ ಇದ್ಬುಡು ಅಂದವ್ಳೆ. ನಂಗೆಲ್ಲಿ ಬತ್ತದೆ ಓದು ಬರವಣ್ಗೆ ಅಂದ್ರೆ, ಅದೇ ಒಳ್ಳೇದು ಅಂತಾಳೆ!"

ಮಜ್ಜಿಗೆಯ ಬಟ್ಟಲು ನನ್ನ ಕೈಯಲ್ಲೇ ಇತ್ತು. "ನನ್ನ ವಿಷಯ ಏನಾದರೂ ಅಂದಳೇ?"

"ಊಂ, ಅಂದ್ಲಲ್ಲ" ಎಂದು ಅವಳು ಬಟ್ಟಲು ತೆಗೆದುಕೊಂಡು, ಚೆಲ್ಲದಂತೆ ಸೆರಗು ಮುಚ್ಚಿ ಮೆಟ್ಟಲಿಳಿದಳು. "ಬುತ್ತಿ ನಿಮ್ಮನೆಯಿಂದ್ಲೇ ಬತ್ತದಂತೆ. ನಂಗೂ ನಾಕು ತುತ್ತು ಸೇರ್ಸಿ ಕಟ್ಬುಡಿ ಅಮ್ಮಾವ್ರೆ."