ಎಲ್ಲ ಫೋಟೋದಲ್ಲೂ ನಡುವೆ ನಾನೇ

ಟಪ್. ಟಪ್. ಟಪ್. ಗಾಜಿನ ಮೇಜಿನ ಮೇಲೆ ಫೋಟೋಗಳು ಒಂದೊಂದಾಗಿ ಬೀಳುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಆ ಆಫೀಸಿನಲ್ಲಿ ಲಾಯರಮ್ಮ ನನ್ನ ಮೊಮ್ಮಗಳ ಮದುವೆ ಫೋಟೋಗಳನ್ನು ಇಸ್ಪೀಟು ಎಲೆ ಹಾಕಿದ ಹಾಗೆ ಹಾಕುತ್ತಾ ಹೋದರು. ಕೊನೆಯದನ್ನೂ ಹಾಕಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಮೇಡಂ, ಎಲ್ಲದರಲ್ಲೂ ನಡುವೆ ನೀವೇ ಇದ್ದೀರಿ,” ಎಂದರು ಇಂಗ್ಲಿಷಿನಲ್ಲಿ. “ಸೆಲ್ಫಿಗಳು ಬೇಕಾದಷ್ಟಿವೆ. ಆದರೆ ಮನೆಯವರ ಜೊತೆ ಗಂಡ ಹೆಂಡತಿ ಒಟ್ಟಿಗೆ ನಿಂತಿರುವುದು ಒಂದಾದರೂ ಬೇಕಲ್ಲ? ಇದರಲ್ಲೆಲ್ಲ ಇವರಿಬ್ಬರೂ ಮೂರಡಿ ದೂರ.”

ಪಕ್ಕದಲ್ಲಿ ಕೂತಿದ್ದ ನನ್ನ ಮಗಳಿಗೆ ನಗು ತಡೆಯಲಾಗಲಿಲ್ಲ. “ಪಂಚಾಯ್ತಿ ಚೇರ್ಮನ್ನು ಕಣಮ್ಮ ನೀನು. ಆ ಕಡೆ ಒಂದ್ ಪಾರ್ಟಿ, ಈ ಕಡೆ ಒಂದ್ ಪಾರ್ಟಿ!”

ಫೋಟೋ ಎಂದರೆ ದೊಡ್ಡವರು ನಡುವೆ, ಚಿಕ್ಕವರು ಅಕ್ಕಪಕ್ಕ. ಮಂಡ್ಯದ ನಮ್ಮ ಮನೆಯಲ್ಲಿ ನಾನು ಕಂಡದ್ದೇ ಹಾಗೆ. ಅಭ್ಯಾಸಬಲ ಅಂದುಕೊಂಡೆ. ಆದರೆ ಪೂರಾ ಅಭ್ಯಾಸವೇ ಆಗಿತ್ತೇ ಎಂದು ಯಾರಾದರೂ ಕೇಳಿದ್ದರೆ, ಕಾನ್ವೆಂಟಿನಲ್ಲಿ ಓದಿದವಳು ನಾನು, ಸುಳ್ಳು ಹೇಳಲು ಸ್ವಲ್ಪ ಕಷ್ಟವಾಗುತ್ತಿತ್ತು. ಮೊಮ್ಮಗಳಿಗೆ ನಮ್ಮ ಕಡೆಯ ಹುಡುಗನೇ ಸಿಗಲಿ ಎಂದು ಹರಕೆ ಹೊತ್ತಿದ್ದವಳು ನಾನು. ಸಿಕ್ಕವನು ಪೋರ್ಚುಗಲ್‌ನವನು.

ಕೆಲಸದ ವೀಸಾ ಮೇಲೆ ಬಂದಿದ್ದ ಹುಡುಗ. ಮದುವೆಯಾದ ಮೇಲೆ ಅವನ ಕಂಪನಿ ಲೇಆಫ್ ಮಾಡಿತು. ಮೊಮ್ಮಗಳು ಇಲ್ಲೇ ಹುಟ್ಟಿದ ಸಿಟಿಜನ್, ಅವನನ್ನು ಸ್ಪಾನ್ಸರ್ ಮಾಡಿ ಗ್ರೀನ್ ಕಾರ್ಡಿಗೆ ಹಾಕಿದಳು. ಕಾಗದಕ್ಕಾಗಿ ಕಟ್ಟಿಕೊಂಡ ಮದುವೆಯಲ್ಲ ಎಂದು ತೋರಿಸಬೇಕಿತ್ತು. ಅಷ್ಟರಲ್ಲಿ ಊರಲ್ಲಿ ಅವನ ತಾಯಿಗೆ ಶ್ವಾಸಕೋಶದ ಕಾಯಿಲೆ ಏರಿತು. ಅಪ್ಪಣೆ ಇಲ್ಲದೆ ದೇಶ ಬಿಟ್ಟರೆ ಹಾಕಿದ ಅರ್ಜಿಯೇ ಬಿದ್ದುಹೋಗುತ್ತದೆ. ಪ್ರಯಾಣದ ಅಪ್ಪಣೆಗೆ ಹಾಕಿದ್ದ ಬೇರೆ ಅರ್ಜಿಗೂ ಉತ್ತರವಿರಲಿಲ್ಲ. “ನಮ್ಮ ಕಡೆ ಟ್ರೈನು ಹತ್ತಿ ಐದು ದೇಶ ದಾಟಬಹುದು ಅಜ್ಜಿ, ಯಾರೂ ಕೇಳುವುದಿಲ್ಲ,” ಎನ್ನುತ್ತಿದ್ದ. “ಇಲ್ಲಿ ಅಮ್ಮನ್ನ ನೋಡೋಕೆ ಪರ್ಮಿಷನ್.” ‘ಅಜ್ಜಿ’ ಒಂದು ಬಿಟ್ಟು ಮಿಕ್ಕದ್ದೆಲ್ಲ ಇಂಗ್ಲಿಷು.

ಲಾಯರಮ್ಮ ಒಂದು ದಾರಿ ಹೇಳಿದರು. ಹೇಗೂ ನಡುವೆ ನಿಂತಿದ್ದೀರಿ, ನೀವೇ ಒಂದು ಅಫಿಡವಿಟ್ ಬರೆದುಕೊಡಿ, ಈ ಮದುವೆ ನಿಜ ಎಂದು ಪ್ರಮಾಣ ಮಾಡಿ.

ಬರೆಯುವುದೇ? ಲೆಟರ್ ರೈಟಿಂಗಿನಲ್ಲಿ ನಾನು ಕ್ಲಾಸಿಗೇ ಫಸ್ಟು. ‘ಟು ಹೂಮ್‌ಸೋಎವರ್’ ಎಂದು ಶುರುಮಾಡಿ, ಎಕ್ಸಲೆಂಟ್ ಮಾರಲ್ ಕ್ಯಾರೆಕ್ಟರ್, ಕೋರ್ಡಿಯಲ್ ಡಿಸ್ಪೊಸಿಷನ್, ಎಲ್ಲ ಸೇರಿಸಿ ಒಂದು ಪುಟ ತುಂಬಿಸಿದೆ. ಲಾಯರಮ್ಮ ಫೋನು ಮಾಡಿದರು.

“ಬ್ಯೂಟಿಫುಲ್ ಆಗಿದೆ ಮೇಡಂ. ಆದರೆ ಇದನ್ನು ಯಾರಿಗೆ ಬೇಕಾದರೂ ಬರೆಯಬಹುದು. ನೀವು ಏನು ನೋಡಿದ್ದೀರಿ, ಅದನ್ನು ಬರೆಯಿರಿ.”

ಏನು ನೋಡಿದ್ದೆ ನಾನು? ಪೆನ್ನು ಹಿಡಿದು ಅಡಿಗೆಮನೆಯ ಮೇಜಿಗೆ ಕೂತೆ. ನೆನಪಾದದ್ದು, ವಿಚಿತ್ರ ನೋಡಿ, ನಮ್ಮ ಕಾನ್ವೆಂಟಿನ ಸಿಸ್ಟರು. ಮೈಸೂರಿನಲ್ಲಿ ನಮಗೆ ಇಂಗ್ಲಿಷು ಕಲಿಸಿದ ಇಟಲಿಯವರು. ತಮ್ಮ ವಾಸದ ಪರವಾನಗಿಗೆ ಮೊಹರು ಹಾಕಿಸಲು ವರ್ಷಕ್ಕೊಮ್ಮೆ ಪೊಲೀಸು ಕಚೇರಿಗೆ ಹೋಗುವಾಗ, ಭಾಷೆಗೆಂದು ಇಬ್ಬರು ಹುಡುಗಿಯರನ್ನು ಕರೆದೊಯ್ಯುತ್ತಿದ್ದರು. ಒಮ್ಮೆ ಗುಮಾಸ್ತರು, “ಏನಮ್ಮಾ, ಈ ಮೇಡಮ್ಮು ನಿಮಗೇನಾಗ್ಬೇಕು?” ಎಂದು ರೇಗಿಸಿದರು. “ಹೋದ ವಾರ ನಂಗೆ ಮೈತುಂಬಾ ಅಮ್ಮ ಎದ್ದಿತ್ತಲ್ಲ, ಇವ್ರೇ ಗಂಜಿ ಕುಡ್ಸಿದ್ದು,” ಎಂದೆ ನಾನು. ಅವರು ಮುಂದೆ ಏನೂ ಕೇಳದೆ ಮೊಹರು ಒತ್ತಿದರು.

ಆಮೇಲೆ ಪೆನ್ನು ತಾನಾಗಿ ನಡೆಯಿತು. ಮೊಮ್ಮಗಳು ತಲೆನೋವು ಬಂದು ಮಲಗಿದ ಮಧ್ಯಾಹ್ನಗಳಲ್ಲಿ ಅವನು ಮೈಕ್ರೋವೇವಿನ ಮುಂದೆ ಕಾವಲು ನಿಂತು, ಅದು ಬೀಪ್ ಎನ್ನುವ ಒಂದು ಸೆಕೆಂಡು ಮುಂಚೆ ಬಾಗಿಲು ತೆಗೆಯುತ್ತಾನೆ ಎಂದು ಬರೆದೆ. ಡಿಶ್‌ವಾಶರಿನಲ್ಲಿ ಬಟ್ಟಲು ಹೇಗಿಡಬೇಕೆಂದು ಇಬ್ಬರೂ ಜಗಳವಾಡುತ್ತಾರೆ, ಅವಳು ಆಫೀಸಿಗೆ ಹೋದ ಮೇಲೆ ಅವಳು ಹೇಳಿದ ಹಾಗೇ ತಿರುಗಿಸಿಡುತ್ತಾನೆ ಎಂದು ಬರೆದೆ.

ಗಿಲ್‌ರಾಯ್‌ಗೆ ಹೋದ ದಿನವನ್ನೂ ಬರೆದೆ. ಅಲ್ಲಿ ಮನೆ ಸ್ವಲ್ಪ ಅಗ್ಗ ಎಂದು ನೋಡಲು ಹೊರಟಿದ್ದೆವು. ಬೆಳ್ಳುಳ್ಳಿಗೆ ಹೆಸರಾದ ಊರದು; ಹತ್ತಿರವಾದಂತೆ ಅದರ ಘಾಟು ಕಾರಿನೊಳಗೆ ತುಂಬಿತು. “ಅಮ್ಮನ ಅಡಿಗೆಮನೆ,” ಎಂದವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಟ್ಟ. ಮೊಮ್ಮಗಳು ಫ್ರೀವೇ ಬಿಟ್ಟು ಹೊಲದ ಪಕ್ಕ ಕಾರು ನಿಲ್ಲಿಸಿದಳು. ಇಬ್ಬರೂ ಇಳಿದರು. ಅವಳು ಅವನ ಜಾಕೆಟ್ಟಿನ ಜೇಬಿಗೆ ತನ್ನ ಕೈಯನ್ನೂ ತೂರಿಸಿ ನಿಂತಳು. ನಾನು ಹಿಂದಿನ ಸೀಟಿನಲ್ಲಿ ಬೆಲ್ಟು ಬಿಚ್ಚಲು ಬಾರದೆ ಕೂತಿದ್ದೆ. ಬಿಚ್ಚಲು ಬಂದಿದ್ದರೆ ಇಳಿದು ಹೋಗಿ ನಡುವೆ ನಿಂತಿರುತ್ತಿದ್ದೆನೋ ಏನೋ. ಆ ಬೆಲ್ಟಿಗೆ ನಾನು ಇವತ್ತಿಗೂ ಋಣಿ.

ಗ್ರೀನ್ ಕಾರ್ಡಿನ ಇಂಟರ್ವ್ಯೂ ಮುಗಿಸಿ ಬಂದ ಮೊಮ್ಮಗಳು ಚಪ್ಪಲಿ ಬಿಡುವ ಮುಂಚೆಯೇ ಕೂಗಿದಳು.

“ಅಜ್ಜೀ, ಅಪ್ರೂವ್ಡ್! ಆಫೀಸರ್ ನಿನ್ ಲೆಟರ್ ಫುಲ್ ಓದಿದ್ರು. ಮೈಕ್ರೋವೇವ್ ನಿಜಾನಾ ಅಂತ ಕೇಳಿದ್ರು. ಆಮೇಲೆ ಫೋಟೋ ನೋಡಿ, ಈ ಮಿಡ್ಲಲ್ಲಿರೋ ಲೇಡಿ ಯಾರು ಅಂದ್ರು.”

“ನೀನೇನಂದೆ?”

“ನಾನಲ್ಲ, ಇವ್ನು. ‘ಷಿ ಕಮ್ಸ್ ವಿತ್ ದ ಮ್ಯಾರೇಜ್’ ಅಂದ!”

ಅವನು ಬಾಗಿಲಲ್ಲಿ ನಿಂತು ಕಿವಿ ಕೆಂಪಗೆ ಮಾಡಿಕೊಂಡಿದ್ದ. ಹರಕೆ ಕೇಳಿಸಿಕೊಳ್ಳದ ದೇವರಿಗೆ ಅವತ್ತು ಎರಡು ದೀಪ ಹಚ್ಚಿದೆ.

ಕಾರ್ಡು ಕೈಗೆ ಬಂದ ವಾರವೇ ಇಬ್ಬರೂ ಪೋರ್ಚುಗಲ್‌ಗೆ ಹಾರಿದರು. ಅವನ ತಾಯಿಗೂ ನನಗೂ ಒಂದೂ ಭಾಷೆ ಸಮಾನವಿರಲಿಲ್ಲ. ಭಾನುವಾರದ ವಿಡಿಯೋ ಕಾಲಿನಲ್ಲಿ ನಾನು ಸಾರಿನ ಪಾತ್ರೆ ತೋರಿಸುವುದು, ಆಕೆ ತನ್ನ ಸೂಪಿನದು ತೋರಿಸುವುದು, ಇಬ್ಬರೂ ಕೈ ಬೀಸುವುದು, ಇಷ್ಟೇ ನಮ್ಮ ಸಂಭಾಷಣೆ. ಆ ಭಾನುವಾರ ಬೆಳಿಗ್ಗೆ ಮಗಳು ಫೋನನ್ನು ಕಾಫಿ ಡಬ್ಬಿಗೆ ಒರಗಿಸಿ ನನ್ನ ಮುಂದಿಟ್ಟಳು. ಆಕೆ ಮಂಚದ ಅಂಚಿನಲ್ಲಿ, ಮೂಗಿಗೆ ಆಕ್ಸಿಜನ್ನಿನ ನಳಿಗೆ, ಕೂದಲು ನೀಟಾಗಿ ಬಾಚಿಕೊಂಡು ಕೂತಿದ್ದರು. ಎಡಕ್ಕೆ ಮಗ, ಬಲಕ್ಕೆ ನಮ್ಮ ಹುಡುಗಿ.

“ನೋಡಮ್ಮ, ಅಲ್ಲೂ ಒಬ್ರು ಚೇರ್ಮನ್ನು,” ಎಂದಳು ಮಗಳು, ಮೆಲ್ಲಗೆ.

ನಾನು ಕೈ ಬೀಸಿದೆ. ಆಕೆಗೆ ಬೀಸಲು ಬಿಡುವಿರಲಿಲ್ಲ; ಎರಡು ಕೈಯಲ್ಲಿ ಇಬ್ಬರು ಮಕ್ಕಳ ಕೈ ಇತ್ತು, ಬಿಡುವ ಮನಸ್ಸೂ ಇದ್ದಂತಿರಲಿಲ್ಲ. ನನ್ನನ್ನು ನೋಡಿ ತಲೆ ಬಾಗಿಸಿದರು. ನಾನೂ ಕಾಫಿ ಡಬ್ಬಿಯ ಮುಂದೆ ತಲೆ ಬಾಗಿಸಿದೆ. ಆಕೆಯನ್ನು ನಾನು ನೋಡಿದ್ದು ಅದೇ ಕೊನೆ.