ಸಭಾತ್ಯಾಗಕ್ಕೆ ತಡವಾಗಿ ಬಂದ ಅಕ್ಕ

ವಿರೋಧ ಪಕ್ಷದ ಕೊನೆಯ ಸಾಲಿನಲ್ಲಿ, ಕಂಬದ ಮಗ್ಗುಲಿಗೆ ಕುಳಿತುಕೊಳ್ಳುತ್ತಿದ್ದ ಆ ಸದಸ್ಯೆಯನ್ನು ಊರವರೂ ಸದನದವರೂ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಶಾಸಕಿಯಾಗುವ ಮೊದಲು ಅವರು ಗಂಡನ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದರು. ಅಂಥವರಿಗೆ ಟಿಕೆಟ್ ಕೊಡಿಸಿ, ಬಿಸಿಲಲ್ಲಿ ಬೀದಿಬೀದಿ ಅಲೆದು ಗೆಲ್ಲಿಸಿದವರು ಪಕ್ಷದ ನಾಯಕರು. ಅವರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ದೊಡ್ಡಣ್ಣ ಹಾಕಿದ ಗೆರೆಯನ್ನು ಅಕ್ಕ ಒಮ್ಮೆಯೂ ದಾಟಿರಲಿಲ್ಲ.

ಅಂದು ಪ್ರಶ್ನೋತ್ತರದ ಪಟ್ಟಿಯಲ್ಲಿ ಅಕ್ಕನ ಪ್ರಶ್ನೆಯಿತ್ತು. ಅವರ ಕ್ಷೇತ್ರದ ಹೆರಿಗೆ ಆಸ್ಪತ್ರೆಯಲ್ಲಿ ಕರೆಂಟು ಹೋದರೆ ಟಾರ್ಚಿನ ಬೆಳಕೇ ಗತಿ. ಹಿಂದಿನ ತಿಂಗಳು ಒಬ್ಬ ಬಾಣಂತಿ ಆ ಕತ್ತಲಲ್ಲೇ ರಕ್ತ ಹೋಗಿ ತೀರಿಕೊಂಡಿದ್ದಳು. ಜನರೇಟರ್ ಬಂದಿರಲಿಲ್ಲವೇ? ಬಂದಿತ್ತು. ಆಸ್ಪತ್ರೆಯ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಕುಂಭಕರ್ಣನ ಹಾಗೆ ಮಲಗಿತ್ತು.

ಸಚಿವರ ಅಚ್ಚಾದ ಉತ್ತರ ಬೆಳಿಗ್ಗೆಯೇ ಕೈಸೇರಿತ್ತು: ಜನರೇಟರ್ ಒದಗಿಸಲಾಗಿದೆ. ಸುಳ್ಳೆನ್ನುವಂತಿಲ್ಲ. ಹಸಿದವನಿಗೆ ಬೀಗ ಹಾಕಿದ ಅಡುಗೆಮನೆ ತೋರಿಸಿ, ಊಟ ಸಿದ್ಧವಿದೆ ಎಂದ ಹಾಗಿತ್ತು. ಹೆಸರು ಕರೆದಾಗ ಅಕ್ಕ ತಮ್ಮ ಜಾಗದಲ್ಲಿದ್ದರೆ ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಇಲ್ಲದಿದ್ದರೆ ಅಚ್ಚಾದದ್ದೇ ಸತ್ಯವೆಂದು ದಾಖಲೆಗೆ ಹೋಗುತ್ತದೆ. ಆಮೇಲೆ ಯಾರು ಬಾಯಿ ಬಡಿದುಕೊಂಡರೂ, "ಸದನದಲ್ಲೇ ಉತ್ತರ ಕೊಟ್ಟಾಗಿದೆ" ಎಂಬ ಒಂದೇ ಮಾತು.

ಫೋನಿನಲ್ಲಿ ಗಂಡ ಎಚ್ಚರಿಸಿದ್ದ: "ನೀನು ಮಾತು ಶುರು ಮಾಡಿದ್ರೆ ಮುತ್ತಜ್ಜಿ ಕಾಲದಿಂದ ಶುರು ಮಾಡ್ತೀಯ. ಗುಂಡಿ ಹಿಡಿಸೋಷ್ಟು ಕಾಜಾ ಸಾಕು ಕಣೇ, ಅಂಗೀನೇ ಕತ್ತರಿಸಬೇಡ."

ಮುಂದಿನ ಸರದಿ ಅಕ್ಕನದೇ ಆಗಿತ್ತು. ಆಗ ಆರೋಗ್ಯ ಸಚಿವರು ಹಿಂದಕ್ಕೆ ಬಾಗಿ, ಪಟಾಕಿ ಎಂದು ಹೆಸರಾಗಿದ್ದ ತಮ್ಮ ಪಕ್ಷದ ಬಾಯಿಬಡುಕ ಸದಸ್ಯನ ಕಿವಿಯಲ್ಲಿ ಏನೋ ಉಸುರಿದ್ದನ್ನು ಅಕ್ಕ ಕಂಡರು. ಪಟಾಕಿ ಎದ್ದು ನಿಂತ.

"ಅಧ್ಯಕ್ಷರೇ, ವಿರೋಧ ಪಕ್ಷದ ನಾಯಕರಿಗೆ ಎದ್ದು ನಿಂತ್ಮೇಲೆ ಯಾಕೆ ಎದ್ದೆ ಅನ್ನೋದೇ ಮರೆತುಹೋಗತ್ತೆ. ಮನೇಲಿ ಮೊಮ್ಮಕ್ಕಳನ್ನ ಆಡಿಸಿಕೊಂಡಿರೋಕೆ ಹೇಳಿ!"

ಆಡಳಿತ ಪಕ್ಷದವರು ಬಿದ್ದು ಬಿದ್ದು ನಕ್ಕರು. ದೊಡ್ಡಣ್ಣನ ಮುಖ ಕೆಂಡವಾಯಿತು. ಕ್ಷಮೆ ಕೇಳಬೇಕೆಂದು ಮೇಜು ಗುದ್ದಿದರು. ಪಟಾಕಿ ಕೇಳಲಿಲ್ಲ. ಸಭಾಧ್ಯಕ್ಷರ ಗಂಟೆಯ ಸದ್ದು ಗದ್ದಲದಲ್ಲಿ ಮುಳುಗಿಹೋಯಿತು.

"ಇಂಥ ಸದನದಲ್ಲಿ ಕೂರೋದಿಲ್ಲ. ನಡೀರಿ ಎಲ್ಲರೂ!" ಎಂದು ದೊಡ್ಡಣ್ಣ ಎದ್ದರು.

ಅಕ್ಕ ಮೆಟ್ಟಿಲು ಇಳಿದು ಓಡಿ ದೊಡ್ಡಣ್ಣನಿಗೆ ಅಡ್ಡ ನಿಂತರು.

"ಅಣ್ಣಾ, ಇದು ಬೇಕಂತ್ಲೇ ಮಾಡಿಸಿದ್ದು. ಸಚಿವರು ಅವನ ಕಿವೀಲಿ ಊದಿದ್ದು ನಾನೇ ನೋಡ್ದೆ. ಮುಂದಿನದು ನನ್ನ ಪ್ರಶ್ನೆ. ಸ್ವಲ್ಪ ತಡೀರಿ."

"ಅವನು ನನ್ನ ಮಾನ ಕಳೆದಿದ್ದಾನೆ. ನಿನಗೆ ಜನರೇಟರ್ ಚಿಂತೆನಾ?"

ದೊಡ್ಡಣ್ಣ ಅಕ್ಕನನ್ನು ಸುತ್ತಿಕೊಂಡು ಬಾಗಿಲ ಕಡೆ ನಡೆದರು. ಹಿಂದೆ ಬರುತ್ತಿದ್ದ ಪಕ್ಷದ ಸಚೇತಕ, ಸದಸ್ಯರನ್ನು ಶಿಸ್ತಿನಲ್ಲಿಡುವುದೇ ಕೆಲಸವಾಗಿದ್ದವನು, ಪಿಸುಗುಟ್ಟಿದ: "ಸುಮ್ನೆ ಬನ್ನಿ ಅಕ್ಕ. ಚುನಾವಣೆ ಎದುರಿಗಿದೆ. ಇವತ್ತು ಇಲ್ಲಿ ಕೂತವರಿಗೆ ನಾಳೆ ಟಿಕೆಟ್ ಇಲ್ಲ."

ಅಕ್ಕನ ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟೂ ಬಿಟ್ಟಿತು. ಉಂಡ ಮನೆಯ ಋಣ ಕಾಲನ್ನು ಎಳೆಯುತ್ತಿತ್ತು. ಆದರೆ ಬಾಣಂತಿಯ ತಾಯಿ ಆ ಹಿತ್ತಲಲ್ಲಿ ಟಾರ್ಪಾಲು ಎತ್ತಿ, "ಇದೇನಾ ಅಕ್ಕ ಅದು?" ಎಂದು ಕೇಳಿದ್ದು ಕಣ್ಣಿಗೆ ಕಟ್ಟಿತು. ಅಕ್ಕ ಹಿಂತಿರುಗಿ ಮೆಟ್ಟಿಲು ಹತ್ತಿ ತಮ್ಮ ಜಾಗದಲ್ಲಿ ಕುಳಿತರು. ಸುತ್ತಲೂ ಖಾಲಿ ಕುರ್ಚಿಗಳು, ಅರ್ಧ ಕುಡಿದಿಟ್ಟ ನೀರಿನ ಲೋಟಗಳು.

"ಏನಕ್ಕಾ, ನಿಮ್ಮ ಪಕ್ಷದ ಹೊಲಿಗೆ ಬಿಟ್ಟಿತಾ? ಈ ಕಡೆ ಬನ್ನಿ, ಜಾಗ ಮಾಡ್ಕೊಡ್ತೀವಿ!" ಎಂದ ಪಟಾಕಿ. ಮತ್ತೆ ನಗೆ.

ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಕಡತ ಮುಚ್ಚಿ ಎದ್ದಿದ್ದ ಸಚಿವರು ಅಕ್ಕ ನಿಂತದ್ದನ್ನು ಕಂಡು ಮತ್ತೆ ತಮ್ಮ ಜಾಗಕ್ಕೆ ಬಂದರು.

"ಉತ್ತರ ಒದಗಿಸಿದೆ ಅಧ್ಯಕ್ಷರೇ. ಜನರೇಟರನ್ನೂ ಒದಗಿಸಿದೆ."

ಅಕ್ಕ ರಾತ್ರಿಯೆಲ್ಲ ಉರು ಹೊಡೆದಿದ್ದ ಭಾಷಣ ತಲೆಯಿಂದ ಮಾಯವಾಗಿತ್ತು. ಉಳಿದದ್ದು ಒಂದೇ ಮಾತು.

"ಅದು ಒಂದು ದಿನವಾದ್ರೂ ಓಡಿದೆಯಾ ಸ್ವಾಮಿ?"

"ನಮ್ಮ ಸರ್ಕಾರ ತಾಯಂದಿರ ಆರೋಗ್ಯಕ್ಕೆ ಎಂದೂ ಇಲ್ಲದಷ್ಟು ಆದ್ಯತೆ..."

"ಓಡಿದೆಯಾ?"

ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ಎರಡೂ ಕಡೆಯವರು ಎದ್ದು ಕೂಗಾಡಿ, ಸಚಿವರು ಆ ಗದ್ದಲದಲ್ಲೇ ನುಸುಳಿಕೊಳ್ಳುತ್ತಿದ್ದರು. ಇಂದು ಎದುರು ಪಾಳೆಯವೇ ಖಾಲಿ. ಪಟಾಕಿ ಒಮ್ಮೆ ಕೂಗಿ ನೋಡಿದ. ಒಂಟಿ ಹೆಂಗಸಿನ ಮೇಲೆ ಕೂಗಿದ್ದು ಅವನ ಕಡೆಯವರಿಗೇ ಕಸಿವಿಸಿಯಾಗಿ, ಪಕ್ಕದವನು ಅಂಗಿ ಜಗ್ಗಿ ಕೂರಿಸಿದ. ಸಭಾಧ್ಯಕ್ಷರು ಕನ್ನಡಕ ತೆಗೆದಿಟ್ಟರು.

"ಸಚಿವರೇ, ಕೇಳಿರೋದು ಸಣ್ಣ ಪ್ರಶ್ನೆ. ಹೌದೋ, ಇಲ್ಲವೋ?"

ಸಚಿವರು ಅಧಿಕಾರಿಗಳು ಕುಳಿತ ಕಡೆ ನೋಡಿದರು. ಒಬ್ಬ ಅಧಿಕಾರಿ ತಲೆ ತಗ್ಗಿಸಿ ಅಡ್ಡಡ್ಡ ಆಡಿಸಿದ.

"ಇಲ್ಲ. ತಂತಿ ಜೋಡಣೆ ಬಾಕಿಯಿದೆ. ಆದಷ್ಟು ಬೇಗ ಮಾಡಿಸ್ತೀವಿ."

"ಆದಷ್ಟು ಬೇಗ ಅನ್ನೋ ವಾರ ಕ್ಯಾಲೆಂಡರಿನಲ್ಲಿ ಇಲ್ಲ ಸ್ವಾಮಿ. ಹೆರಿಗೆ ನೋವು ನಿಮ್ಮ ತಂತೀಗೆ ಕಾಯಲ್ಲ. ಒಬ್ಬಳು ಸತ್ತಾಗಿದೆ."

ಸಚಿವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಈ ವಾರದೊಳಗೆ," ಎಂದರು. ಸದನದಲ್ಲಿ ಆಡಿದ ಮಾತು ದಾಖಲೆಗೆ ಹೋಯಿತು.

ಅಕ್ಕ ಸಭಾಧ್ಯಕ್ಷರಿಗೆ ಕೈಮುಗಿದು ಬಾಗಿಲ ಕಡೆ ಹೊರಟರು.

"ಈಗೆಲ್ಲಿಗಮ್ಮ?"

"ಸಭಾತ್ಯಾಗ, ಅಧ್ಯಕ್ಷರೇ. ನಮ್ಮ ನಾಯಕರಿಗೆ ಅವಮಾನ ಆಗಿದೆ. ನನಗೆ ಸ್ವಲ್ಪ ತಡ ಆಯ್ತು."

ಈ ಸಲ ನಗು ಬಂದದ್ದು ಸಭಾಧ್ಯಕ್ಷರಿಗೆ. ಆದರೆ ಹೊರಗಿನ ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಅಲ್ಲಿನ ಧ್ವನಿವರ್ಧಕದಲ್ಲಿ ಎಲ್ಲರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ದೊಡ್ಡಣ್ಣ ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು.

"ತಪ್ಪಾಗಿದ್ರೆ ಬೈದುಬಿಡಿ ಅಣ್ಣ."

ಅವರು ಬೈಯಲಿಲ್ಲ. ಅದರಿಂದಲೇ ಅಕ್ಕನಿಗೆ ಹೆಚ್ಚು ನೋವಾಯಿತು.

ಜನರೇಟರ್ ಆ ವಾರವೇ ಓಡಿತು. ಚುನಾವಣೆ ಬಂದಾಗ ಟಿಕೆಟ್ ಮಾತ್ರ ಸಚೇತಕನ ಭಾವಮೈದುನನ ಪಾಲಾಯಿತು. ಸುದ್ದಿ ತಿಳಿಸಲು ದೊಡ್ಡಣ್ಣ ತಾವೇ ಹೊಲಿಗೆ ಅಂಗಡಿಗೆ ಬಂದರು. ಗಂಡ ಮುಖ ಗಂಟಿಕ್ಕಿಕೊಂಡು ಯಂತ್ರ ತುಳಿಯುತ್ತಲೇ ಇದ್ದ. ದೊಡ್ಡಣ್ಣ ಹೇಳಬೇಕಾದ್ದನ್ನು ನೆಲ ನೋಡುತ್ತ ಹೇಳಿ ಮುಗಿಸಿ ಎದ್ದರು.

"ಆಗಲಿ ಅಣ್ಣ," ಎಂದರು ಕಾಜಾ ಹೊಲಿಯುತ್ತ ಕುಳಿತಿದ್ದ ಅಕ್ಕ. "ಆದ್ರೆ ಗೆದ್ದು ಹೋಗೋ ಹುಡುಗನಿಗೆ ಒಂದು ಮಾತು ಹೇಳಿ. ಆಸ್ಪತ್ರೆ ಜನರೇಟರಿನ ಡೀಸೆಲ್ ವಿಚಾರ ಸದನದಲ್ಲಿ ಕೇಳ್ತಾ ಇರಬೇಕು."

ದೊಡ್ಡಣ್ಣ ಮತ್ತೆ ಕುಳಿತರು. "ಯಾಕಮ್ಮ, ಡೀಸೆಲ್ ಸರಿಯಾಗಿ ಬರ್ತಾ ಇಲ್ವಾ?"